ಅರಸನ ಮರಣ, ಊರಿನ ಕಲ್ಲು: ಕಮಲಾಪುರದ ವಸ್ತುಸಂಗ್ರಹಾಲಯ ಮತ್ತು ಹೊನ್ನೇನಹಳ್ಳಿಯ ಶಾಸನ

ವಿಜಯನಗರದ ಕೃಷ್ಣದೇವರಾಯನ ಆಳ್ವಿಕೆಯ ಆರಂಭವನ್ನು ಹೇಳುವ ಕಲ್ಲು ಹಂಪೆಯಲ್ಲಿದೆ. ಅದರ ಅಂತ್ಯವನ್ನು ಹೇಳುವ ಕಲ್ಲು ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕಟ್ಟಿಸಿದ ಸಂಗತಿಯು 1510ರ ಶಾಸನದಿಂದ ವಿದ್ವಾಂಸರಿಗೆ ಬಹುಕಾಲದಿಂದ ಪರಿಚಿತ. ಮರಣದ ದಿನವನ್ನು ಹೇಳುವ ಶಾಸನವು ಬೆಳಕಿಗೆ ಬಂದದ್ದು 2021ರಲ್ಲಿ. ಚರಿತ್ರೆಯ ಆಕರಗಳು ಎಲ್ಲಿವೆ, ಅವನ್ನು ಯಾರು ಉಳಿಸಿಕೊಂಡು ಬಂದಿದ್ದಾರೆ ಎಂಬ ಪ್ರಶ್ನೆಯನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವೆ ಕ್ಷೇತ್ರಕಾರ್ಯ ನಡೆಸಿದ ನನಗೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಭೇಟಿ ಈ ಪ್ರಶ್ನೆಯನ್ನು ಸ್ಪಷ್ಟಪಡಿಸಿತು. ಹಿಂದೆ ಆನೆಲಾಯದಲ್ಲಿ ಕೂಡಿಟ್ಟಿದ್ದ ಶಿಲ್ಪಗಳು 1972ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡವು. ಪ್ರವೇಶದಲ್ಲಿ ಕೃಷ್ಣದೇವರಾಯ ಮತ್ತು ಆತನ ಇಬ್ಬರು ರಾಣಿಯರ ಪ್ರತಿಮೆಗಳಿವೆ. ಒಳಗೆ ಹಂಪೆಯ ವಿಸ್ತಾರವಾದ ಮಾದರಿಯಿದೆ. ಅರಸನ ಮುಖ, ನಗರದ ಆಕಾರ ಎರಡೂ ಇಲ್ಲಿ ದೊರೆಯುತ್ತವೆ. ಅಲ್ಲಿಯೇ ವೀರಗಲ್ಲು, ಮಾಸ್ತಿಕಲ್ಲುಗಳೂ ಇವೆ. ಆದರೆ ನಮ್ಮ ಸೀಮೆಯಲ್ಲಿ ಎಣ್ಣೆ, ಕುಂಕುಮ ಕಾಣುವ ಇಂಥ ಕಲ್ಲುಗಳು ಇಲ್ಲಿ ಪೂಜೆಯಿಂದ ಬೇರ್ಪಟ್ಟ ಪ್ರದರ್ಶನವಸ್ತುಗಳು.

ಹೊನ್ನೇನಹಳ್ಳಿಯ ಶಾಸನವು ಗೋಪಾಲಕೃಷ್ಣ ದೇವಾಲಯದ ಬಳಿ ದೊರೆತಿದೆ. ಕನ್ನಡದ ಈ ಶಾಸನದ ಪ್ರಕಾರ ಕೃಷ್ಣದೇವರಾಯನು ಶಕ 1451, ವಿರೋಧಿ ಸಂವತ್ಸರದ ಕಾರ್ತಿಕ ಶುದ್ಧ 15ರಂದು, ಚಂದ್ರಗ್ರಹಣದ ದಿನ ಮರಣಹೊಂದಿದನು. ಇದು ಕ್ರಿ.ಶ. 1529ರ ಅಕ್ಟೋಬರ್ 17, ಭಾನುವಾರಕ್ಕೆ ಸರಿಹೊಂದುತ್ತದೆ. ತುಮಕೂರಿನ ವೀರಪ್ರಸನ್ನ ಹನುಮಂತ ದೇವರ ಪೂಜೆಗೆ ಹೊನ್ನೇನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ವಿಷಯವೂ ಇಲ್ಲಿ ದಾಖಲಾಗಿದೆ. ಅರಸರ ಮರಣವನ್ನು ಶಾಸನಗಳು ಹೇಳುವುದು ಅಪರೂಪ. ಪೋರ್ಚುಗೀಸ್ ಪ್ರವಾಸಿ ನೂನಿಜ್ ರಾಯನ ಕೊನೆಯ ಅಸ್ವಾಸ್ಥ್ಯವನ್ನು ವರ್ಣಿಸಿದ್ದಾನೆ. ತಿಥಿಯನ್ನು ಕೊಟ್ಟದ್ದು ಊರಿನ ಈ ಕಲ್ಲು.

ಗ್ರಹಣದ ಉಲ್ಲೇಖವು ಜಾನಪದ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹ. ಗ್ರಾಮೀಣರು ಕಾಲವನ್ನು ಅಂಕಿಗಳಿಂದಲ್ಲ, ಘಟನೆಗಳಿಂದ ಗುರುತಿಸುತ್ತಾರೆ: ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ. ಗ್ರಹಣವು ಸ್ನಾನ, ದಾನಗಳ ಪುಣ್ಯಕಾಲವಾದ್ದರಿಂದ ದತ್ತಿಶಾಸನಗಳಲ್ಲಿ ಪದೇಪದೇ ಬರುತ್ತದೆ. ಹೊನ್ನೇನಹಳ್ಳಿಯಲ್ಲಿ ಅದೇ ಗ್ರಹಣವು ಅರಸನ ಮರಣವನ್ನು ಹೇಳುವ ಮಾತಿನೊಡನೆ ಕೂಡಿಕೊಂಡಿದೆ. ಶಾಸನದ ಶಕವರ್ಷ, ತಿಥಿಗಳನ್ನು ಇಂದಿನ ಕಾಲಗಣನೆಗೆ ತರುವಾಗ ಸಂಶೋಧಕನಿಗೆ ಆಕಾಶದ ಈ ಸಾಕ್ಷಿ ಹೆಚ್ಚಿನ ಆಧಾರವಾಗುತ್ತದೆ.

ಈ ಹಿನ್ನೆಲೆಯಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ನೋಡಬೇಕು. ಅರಳಗುಪ್ಪೆಯ ಕಲ್ಲೇಶ್ವರ, ಸೆಟ್ಟಿಕೆರೆಯ ಯೋಗಮಾಧವ, ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯಗಳು ಪ್ರಸಿದ್ಧ. ತೋಟದ ಬೇಲಿ, ಕೆರೆಯ ಏರಿ, ಊರಬಾಗಿಲುಗಳಲ್ಲಿರುವ ಕಲ್ಲುಗಳಿಗೆ ಆ ಪ್ರಸಿದ್ಧಿಯಿಲ್ಲ. ಗ್ರಾಮಜೀವನದಲ್ಲಿ ವೀರಗಲ್ಲು ದೇವರಾಗುತ್ತದೆ, ಮಾಸ್ತಿಕಲ್ಲು ಮಾಸ್ತಮ್ಮನಾಗುತ್ತದೆ, ಅಕ್ಷರವಿರುವ ಕಲ್ಲು ನಿಧಿಯ ಗುರುತಾಗುತ್ತದೆ. ಮೊದಲ ಎರಡು ನಂಬಿಕೆಗಳು ಕಲ್ಲನ್ನು ಉಳಿಸಿವೆ, ಮೂರನೆಯದು ಒಡೆಸಿದೆ. ನಂಬಿಕೆಗಳನ್ನು ಅರಿಯದೆ ಶಾಸನಗಳ ರಕ್ಷಣೆ ಸಾಧ್ಯವಿಲ್ಲ ಎಂಬುದಕ್ಕೆ ಇದು ನಿದರ್ಶನ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ತುಮಕೂರು ಜಿಲ್ಲಾ ಸಂಪುಟ ಪ್ರಕಟವಾದದ್ದು 1904ರಲ್ಲಿ. ಶತಮಾನ ಕಳೆದ ಮೇಲೂ ಇದೇ ಜಿಲ್ಲೆಯಲ್ಲಿ ಇಂಥ ಕಲ್ಲು ಬೆಳಕಿಗೆ ಬಂದಿದೆಯೆಂದರೆ ಶೋಧ ಮುಗಿದಿಲ್ಲವೆಂದೇ ಅರ್ಥ. ಆದರೆ ದೊರೆತ ಕಲ್ಲುಗಳನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದೇ ಪರಿಹಾರವಲ್ಲ. ಹೊನ್ನೇನಹಳ್ಳಿಯ ಹೆಸರನ್ನೇ ಹೊತ್ತ ಶಾಸನಕ್ಕೆ ಹೊನ್ನೇನಹಳ್ಳಿಯ ನೆಲವೇ ಅರ್ಥ ಕೊಡುತ್ತದೆ. ಪಾಠದ ಜೊತೆಗೆ ಕಲ್ಲಿನ ಸ್ಥಳ, ಊರವರು ಅದಕ್ಕಿಟ್ಟ ಹೆಸರು, ಆಚರಣೆ, ಐತಿಹ್ಯಗಳನ್ನೂ ದಾಖಲಿಸಬೇಕು. ಅದರಲ್ಲಿ ಏನು ಬರೆದಿದೆಯೆಂಬುದನ್ನು ಊರವರಿಗೆ ಓದಿ ಹೇಳಬೇಕು. ಅಕ್ಷರದ ಅರ್ಥ ತಿಳಿದ ಊರು ನಿಧಿಗಾಗಿ ಕಲ್ಲನ್ನು ಒಡೆಯಲಾರದು. ಶಾಸನತಜ್ಞ ಮತ್ತು ಜಾನಪದ ಸಂಶೋಧಕ ಒಟ್ಟಾಗಿ ಹಳ್ಳಿಗೆ ಹೋಗಬೇಕಾದ ಅಗತ್ಯ ಇರುವುದು ಇಲ್ಲಿಯೇ.