ಐದು ತಾಲ್ಲೂಕುಗಳ ಮಳೆಯ ಮುನ್ಸೂಚನೆ: ಕಾರ್ಣಿಕದಿಂದ ಗಣಿತದವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ೧೮೦೦ರಲ್ಲಿ ನಿಜಾಮನು ಕುಂಪಣಿಯವರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಪ್ರದೇಶವೂ ಒಂದು. ಬಹುಕಾಲ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದು, ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿಯಂತೂ ೧೯೯೭ರಲ್ಲಿ ದಾವಣಗೆರೆಗೂ ೨೦೧೮ರಲ್ಲಿ ಮರಳಿ ಬಳ್ಳಾರಿಗೂ ಸೇರಿ, ೨೦೨೧ರಲ್ಲಿ ಹೊಸ ಜಿಲ್ಲೆಯ ಪಾಲಾಯಿತು. ಆಡಳಿತದ ಎಲ್ಲೆಗಳು ಹೀಗೆ ಹಲವು ಸಲ ಬದಲಾದರೂ ಮಳೆಯ ಸ್ಥಿತಿಯು ಬದಲಾಗಲಿಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ೬೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳದು. ಕೂಡ್ಲಿಗಿಯ ಕೆಂಪು ಮಸಾರಿ ನೆಲದಲ್ಲಿ ಶೇಂಗಾ ಬಿತ್ತಿದ ಒಕ್ಕಲಿಗನಿಗೆ ಬಿತ್ತನೆಯ ಬೆನ್ನಿಗೇ ಮಳೆ ಹಿಂತೆಗೆದರೆ ಬೀಜದೊಡನೆ ಬಂಡವಾಳವೂ ಮಣ್ಣುಪಾಲಾಗುತ್ತದೆ. ಆದಕಾರಣ ‘ಮಳೆ ಯಾವಾಗ?’ ಎಂಬ ಪ್ರಶ್ನೆಯು ಇಲ್ಲಿ ಕೇವಲ ಕುತೂಹಲದ್ದಲ್ಲ. ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಒಂದೇ ಒರೆಗಲ್ಲಿನ ಮೇಲೆ ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಉತ್ತರವು ಶಾಸ್ತ್ರಗ್ರಂಥಗಳದು. ವರಾಹಮಿಹಿರನ ಬೃಹತ್ಸಂಹಿತೆಯು ಮೇಘಗಳು ಗರ್ಭಧರಿಸಿದ ೧೯೫ ದಿನಗಳ ತರುವಾಯ ಮಳೆಯಾಗುವುದೆಂದು ಹೇಳುತ್ತದೆ. ಕನ್ನಡದಲ್ಲಿ ಕ್ರಿ. ಶ. ೧೩೦೦ರ ಸುಮಾರಿನ ಜೈನಕವಿ ರಟ್ಟಕವಿಯು ಮಳೆ, ಗುಡುಗು, ಮಿಂಚು, ಭೂಕಂಪ ಮುಂತಾದವುಗಳ ಶಕುನಗಳನ್ನು ‘ರಟ್ಟಮತ’ದಲ್ಲಿ ನಿರೂಪಿಸಿದ್ದಾನೆ. ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಮಳೆನಕ್ಷತ್ರಗಳ ಎಣಿಕೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವುದರಿಂದ ರೋಹಿಣಿ, ಮೃಗಶಿರ, ಆರಿದ್ರೆಗಳಿಂದ ಮೊದಲ್ಗೊಂಡು ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳವರೆಗೆ ಬಿತ್ತನೆಯ ಕಾಲವೆಲ್ಲ ಹಂಚಿಹೋಗಿದೆ. ಇದನ್ನು ಮುನ್ಸೂಚನೆ ಎನ್ನುವುದಕ್ಕಿಂತ ತಲೆಮಾರುಗಳ ಅನುಭವದ ಸರಾಸರಿ ಎನ್ನುವುದು ಹೆಚ್ಚು ಯುಕ್ತ. ಆದರೆ ಇಲ್ಲಿ ಒಂದು ತೊಡಕುಂಟು. ಅಯನಚಲನೆಯ ದೆಸೆಯಿಂದ ನಕ್ಷತ್ರಪ್ರವೇಶದ ದಿನವು ಋತುಗಳಿಗೆ ಹೋಲಿಸಿದರೆ ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಈಗ ಜೂನ್ ೮ರ ಸುಮಾರಿಗೆ ಹುಟ್ಟುವ ಮೃಗಶಿರ ಮಳೆಯು ರಟ್ಟಕವಿಯ ಕಾಲದಲ್ಲಿ ಋತುಮಾನದಿಂದ ಎಣಿಸಿದರೆ ಹತ್ತು ದಿನಗಳಷ್ಟು ಮುಂಚೆಯೇ ಹುಟ್ಟುತ್ತಿತ್ತು. ಹಳೆಯ ಮಳೆಗಾದೆಗಳನ್ನು ಅರ್ಥೈಸುವವರು ಈ ಅಂತರವನ್ನು ಗಣನೆಗೆ ತಂದುಕೊಳ್ಳಬೇಕು.

ಎರಡನೆಯ ಉತ್ತರವು ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೊರೆಯುತ್ತದೆ. ತುಂಗಭದ್ರೆಯ ತಡಿಯ ಈ ಕ್ಷೇತ್ರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಂದು ವ್ರತಸ್ಥನಾದ ಗೊರವಯ್ಯನು ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಲಕ್ಷಾಂತರ ಜನ ಮೌನವಾದೊಡನೆ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಅದೇ ಆ ವರ್ಷದ ಕಾರ್ಣಿಕ. ವಾಕ್ಯವು ರೂಪಕಮಯವಾದುದು, ಮಳೆ-ಬೆಳೆಗೂ ರಾಜಕೀಯಕ್ಕೂ ಅದನ್ನು ಅನ್ವಯಿಸಿ ಜನರು ತಮತಮಗೆ ತೋರಿದಂತೆ ಅರ್ಥ ಹೇಳಿಕೊಳ್ಳುತ್ತಾರೆ. ಮುಂಗಾರಿಗೆ ಮೂರು-ನಾಲ್ಕು ತಿಂಗಳು ಮೊದಲೇ ಹೊರಡುವ ಈ ನುಡಿಗೆ ಸ್ಥಳದ ನಿರ್ದೇಶವಾಗಲಿ ದಿನದ ನಿರ್ದೇಶವಾಗಲಿ ಪ್ರಮಾಣದ ನಿರ್ದೇಶವಾಗಲಿ ಇಲ್ಲ. ಧ್ವನಿಕಾವ್ಯಕ್ಕೆ ಗುಣವಾದ ಬಹ್ವರ್ಥತೆಯು ಮುನ್ಸೂಚನೆಗೆ ಗುಣವಾಗಲಾರದು. ಸುಳ್ಳಾಗಲು ಆಸ್ಪದವಿಲ್ಲದ ಮಾತು ನಿಜವಾಯಿತೆಂದು ಹೇಳುವುದಕ್ಕೂ ಆಸ್ಪದವಿಲ್ಲ. ಹಾಗೆಂದು ಕಾರ್ಣಿಕವನ್ನು ಹಳಿಯುವುದು ಸಲ್ಲದು. ಅನಿಶ್ಚಯದ ವರ್ಷವನ್ನು ಎದುರಿಸಬೇಕಾದ ಸಮುದಾಯಕ್ಕೆ ಅದು ಕೊಡುವ ಧೈರ್ಯವೇ ಬೇರೆ, ಬಿತ್ತುವ ದಿನದ ನಿರ್ಣಯವೇ ಬೇರೆ.

ಮೂರನೆಯ ಉತ್ತರವು ಬರದಿಂದ ಹುಟ್ಟಿತು. ಧಾತು ಸಂವತ್ಸರದಲ್ಲಿ, ಎಂದರೆ ೧೮೭೬ರಲ್ಲಿ, ಮೊದಲಾಗಿ ೧೮೭೮ರವರೆಗೆ ನಡೆದ ಮಹಾಕ್ಷಾಮವು ಅತಿಯಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ೧೮೭೫ರಲ್ಲಿ. ಈ ಕ್ಷಾಮದ ತರುವಾಯ ಸರ್ಕಾರವು ಅದರ ಮುಖ್ಯಾಧಿಕಾರಿಯಾದ ಬ್ಲ್ಯಾನ್‌ಫರ್ಡ್ ಎಂಬಾತನಿಗೆ ಮುಂಗಾರಿನ ಮುನ್ಸೂಚನೆಯನ್ನು ಸಿದ್ಧಪಡಿಸುವಂತೆ ಕೇಳಿತು. ಹಿಮಾಲಯದಲ್ಲಿ ಹಿಮವು ಹೆಚ್ಚಾಗಿ ಬಿದ್ದ ವರ್ಷ ಮಳೆ ಕುಗ್ಗುವುದೆಂಬ ತತ್ತ್ವವನ್ನು ಆಧರಿಸಿ, ೧೮೮೬ರ ಜೂನ್ ೪ರಂದು ಮೊದಲನೆಯ ಅಧಿಕೃತ ಸೂಚನೆ ಹೊರಟಿತು. ಅದು ಭಾರತ-ಬರ್ಮಾಗಳಿಗೆಲ್ಲ ಒಂದೇ ಸೂಚನೆಯಾಗಿದ್ದಿತು. ೧೯೦೪ರಿಂದ ೧೯೨೪ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರನು ಭೂಮಂಡಲದ ದೂರದೂರದ ವಾಯುಭಾರಗಳಿಗೂ ನಮ್ಮ ಮಳೆಗೂ ಇರುವ ನಂಟನ್ನು ಸಂಖ್ಯಾಶಾಸ್ತ್ರದಿಂದ ತೋರಿಸಿ, ದೇಶವನ್ನು ಮೂರು ಭಾಗಗಳಾಗಿ ಮಾಡಿ ಸೂಚನೆ ಕೊಟ್ಟನು. ಆಗಲೂ ಕೂಡ್ಲಿಗಿಗೆ ದೊರೆತದ್ದು ಇಡೀ ದ್ವೀಪಕಲ್ಪಕ್ಕೆ ಸಾಮಾನ್ಯವಾದ ಮಾತು. ಆದರೆ ಒಂದು ಮಹತ್ವದ ವ್ಯತ್ಯಾಸವನ್ನು ಗಮನಿಸಬೇಕು. ಈ ಸೂಚನೆಯು ಬರೆದಿಟ್ಟದ್ದು. ಮಳೆಗಾಲ ಮುಗಿದ ಮೇಲೆ ತಪ್ಪೊಪ್ಪುಗಳನ್ನು ತಾಳೆ ನೋಡಲು ಒದಗುವಂಥದು.

ನಾಲ್ಕನೆಯದು ಗಣಿತ ಮಾದರಿಗಳ ಉತ್ತರ. ವಾಯುಮಂಡಲವನ್ನು ಚೌಕುಳಿಗಳಾಗಿ ಹೆಣೆದು, ಗಾಳಿ, ಉಷ್ಣ, ತೇವ, ಒತ್ತಡಗಳ ಇಂದಿನ ಬೆಲೆಗಳಿಂದ ನಾಳಿನ ಬೆಲೆಗಳನ್ನು ಭೌತನಿಯಮಗಳ ಮೂಲಕ ಲೆಕ್ಕ ಹಾಕುವುದು ಇದರ ಕ್ರಮ. ರಿಚರ್ಡ್‌ಸನ್ ಎಂಬಾತನು ೧೯೨೨ರ ತನ್ನ ಗ್ರಂಥದಲ್ಲಿ ಪ್ರಕಟಿಸಿದ ಕೈಲೆಕ್ಕವು ಒತ್ತಡವು ಆರು ಗಂಟೆಗಳಲ್ಲಿ ೧೪೫ ಮಿಲಿಬಾರ್ ಏರುವುದೆಂದು ಹೇಳಿತು. ನಿಜದಲ್ಲಿ ಅದು ಹೆಚ್ಚುಕಡಮೆ ಸ್ಥಿರವಾಗಿದ್ದಿತು. ಸೋತ ಲೆಕ್ಕವನ್ನು ಅಂಕಿಗಳ ಸಮೇತ ಅಚ್ಚು ಹಾಕಿಸಿದ್ದರಿಂದಲೇ ಮುಂದಿನವರು ಅದರ ದೋಷವನ್ನು ಗುರುತಿಸಬಲ್ಲವರಾದರು. ೧೯೫೦ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದ ಮೇಲೆ ಈ ಮಾರ್ಗವು ಸಫಲವಾಯಿತು. ಭಾರತದಲ್ಲಿ ಇದಕ್ಕಾಗಿ ೧೯೮೮ರಲ್ಲಿ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು ಸ್ಥಾಪಿತವಾಯಿತು.

ಇಂದಿನ ಮುಖ್ಯ ಮಾದರಿಗಳನ್ನು ಹೋಲಿಸೋಣ. ಯುರೋಪಿನ ಕೇಂದ್ರದ ಮಾದರಿಯ ಚೌಕುಳಿಯ ಬದಿ ಸುಮಾರು ೯ ಕಿ. ಮೀ.; ಅವಧಿ ೧೫ ದಿನ. ಅಮೆರಿಕದ ಜಿ.ಎಫ್.ಎಸ್. ಮಾದರಿಯದು ಸುಮಾರು ೧೩ ಕಿ. ಮೀ.; ಅವಧಿ ೧೬ ದಿನ. ಜರ್ಮನಿಯ ಐಕಾನ್ ಮಾದರಿಯದೂ ೧೩ ಕಿ. ಮೀ. ೨೦೨೫ರ ಮೇ ತಿಂಗಳಲ್ಲಿ ಬಳಕೆಗೆ ಬಂದ ನಮ್ಮ ದೇಶದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನದು ೬ ಕಿ. ಮೀ. ಅದೇ ವರ್ಷದಿಂದ ಯುರೋಪಿನ ಕೇಂದ್ರವು ಹಳೆಯ ಹವಾಮಾನದ ದಾಖಲೆಗಳಿಂದ ಕಲಿತು ನುಡಿಯುವ ಯಂತ್ರಬುದ್ಧಿಯ ಮಾದರಿಯನ್ನೂ ನಡೆಸುತ್ತಿದೆ.

ಈ ಅಂಕಿಗಳನ್ನು ನಮ್ಮ ನೆಲದ ಮೇಲೆ ಇಟ್ಟು ನೋಡಬೇಕು. ಕೂಡ್ಲಿಗಿಗೂ ಕೊಟ್ಟೂರಿಗೂ ನೇರ ಗೆರೆಯಲ್ಲಿ ಸುಮಾರು ೨೦ ಕಿ. ಮೀ. ಅಂತರ. ೨೫ ಕಿ. ಮೀ. ಚೌಕುಳಿಯಲ್ಲಾದರೆ ಎರಡು ಊರುಗಳೂ ಒಂದೇ ಮನೆಯೊಳಗೆ ಬೀಳಬಹುದು, ೬ ಕಿ. ಮೀ. ಚೌಕುಳಿಯಲ್ಲಿ ಅವುಗಳ ನಡುವೆ ಎರಡು-ಮೂರು ಮನೆಗಳಿರುತ್ತವೆ. ಆದರೆ ಚೌಕುಳಿ ಚಿಕ್ಕದಾದಮಾತ್ರಕ್ಕೆ ಸೂಚನೆ ನಿಜವಾಗುವುದಿಲ್ಲ. ಈ ಸೀಮೆಯ ಮಳೆಯಲ್ಲಿ ಬಹುಪಾಲು ಮಧ್ಯಾಹ್ನದ ಮೇಲೆ ಎದ್ದು ಒಂದು ಹಳ್ಳಿಗೆ ಸುರಿದು ಪಕ್ಕದ ಹಳ್ಳಿಯನ್ನು ಬಿಟ್ಟುಹೋಗುವ ಗುಡುಗುಮಳೆ. ಅಂಥ ಮೋಡಗಳು ಚೌಕುಳಿಗಿಂತ ಕಿರಿದಾದುದರಿಂದ ಮಾದರಿಗಳು ಅವುಗಳನ್ನು ಅಂದಾಜಿನ ಸೂತ್ರಗಳಿಂದ ಮಾತ್ರ ಹಿಡಿಯುತ್ತವೆ; ಮಾದರಿಗಳು ಪರಸ್ಪರ ಭಿನ್ನವಾಗಿ ನುಡಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ನಾಡಿಗೆಲ್ಲ ಹಬ್ಬುವ ಮಳೆಯನ್ನು ಅವು ಇದಕ್ಕಿಂತ ಚೆನ್ನಾಗಿ ಮುನ್ನುಡಿಯುತ್ತವೆ. ಆರಂಭದ ಬೆಲೆಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಒಂದೇ ಲೆಕ್ಕವನ್ನು ಹಲವು ಸಲ ಮಾಡುವ ಸಮೂಹಕ್ರಮವೂ ಉಂಟು. ಯುರೋಪಿನ ಕೇಂದ್ರವು ೫೧ ಸಲ ಮಾಡುತ್ತದೆ. ಕಾರ್ಣಿಕದಲ್ಲಿ ಮಾತು ಒಂದು, ಅರ್ಥ ಹಲವು. ಇಲ್ಲಿಯಾದರೋ ಮಾತೇ ಹಲವು. ಆದರೆ ಅವುಗಳ ಹರವನ್ನು ಎಣಿಸಬಹುದು.

ಹಿಂದೆ ಸರ್ಕಾರಗಳ ಕೈಯಲ್ಲಿ ಮಾತ್ರ ಇದ್ದ ಈ ಸಾಮಗ್ರಿಯು ಈಗ ಹವ್ಯಾಸಿಗಳಿಗೂ ದೊರೆಯುತ್ತದೆ. ಅಮೆರಿಕದವರು ತಮ್ಮ ಮಾದರಿಯ ಅಂಕಿಗಳನ್ನು ‘ನೋಮ್ಯಾಡ್ಸ್’ ಭಂಡಾರದ ಮೂಲಕ ಉಚಿತವಾಗಿ ಕೊಡುತ್ತಾರೆ. ಯುರೋಪಿನ ಕೇಂದ್ರವು ೨೦೨೨ರಿಂದ ತನ್ನ ಅಂಕಿಗಳಲ್ಲಿ ಒಂದು ಭಾಗವನ್ನು ಮುಕ್ತಗೊಳಿಸಿ, ೨೦೨೫ರ ಅಕ್ಟೋಬರ್‌ನಲ್ಲಿ ಉಳಿದುದನ್ನೂ ಮುಕ್ತ ಪರವಾನಗಿಗೆ ಒಳಪಡಿಸಿತು. ‘ವಿಂಡಿ’ಯಲ್ಲಿ ಹಲವು ಮಾದರಿಗಳನ್ನು ಒಂದೇ ಭೂಪಟದ ಮೇಲೆ ಬದಲಿಸಿ ನೋಡಬಹುದು, ‘ಓಪನ್-ಮೀಟಿಯೊ’ದಲ್ಲಿ ಅಕ್ಷಾಂಶ-ರೇಖಾಂಶಗಳನ್ನು ಕೊಟ್ಟು ಒಂದು ಊರಿನ ಅಂಕಿಗಳನ್ನೂ, ಹಿಂದಿನ ದಿನಗಳಲ್ಲಿ ನುಡಿದಿದ್ದ ಸೂಚನೆಗಳನ್ನೂ ಪಡೆಯಬಹುದು. ನಮ್ಮ ಹವಾಮಾನ ಇಲಾಖೆಯೂ ನೋಯ್ಡಾದ ಮಧ್ಯಮಾವಧಿ ಕೇಂದ್ರವೂ ತಮ್ಮ ಭೂಪಟಗಳನ್ನು ಪ್ರಕಟಿಸುತ್ತವೆ. ಬಿದ್ದ ಮಳೆಯ ಲೆಕ್ಕಕ್ಕೆ, ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ.

ಇಷ್ಟರಿಂದ ತೇಲುವ ತಾತ್ಪರ್ಯವಿಷ್ಟೆ. ಮುನ್ಸೂಚನೆಯ ಚರಿತ್ರೆಯನ್ನು ಮೂಢನಂಬಿಕೆಯಿಂದ ವಿಜ್ಞಾನಕ್ಕೆ ಏರಿದ ಮೆಟ್ಟಿಲೆಂದು ಬಣ್ಣಿಸುವುದು ವಾಡಿಕೆ. ನಮಗೆ ಕಾಣುವಂತೆ ನಿಜವಾದ ಗಡಿಯು ಹಳೆಯದಕ್ಕೂ ಹೊಸದಕ್ಕೂ ನಡುವೆ ಇರುವುದಲ್ಲ. ತಾಳೆ ನೋಡಿದ ಮಾತಿಗೂ ತಾಳೆ ನೋಡದ ಮಾತಿಗೂ ನಡುವೆ ಇರುವುದು. ಭೂಪಟದ ಬಣ್ಣವನ್ನು ಕಂಡು ಪರೀಕ್ಷಿಸದೆ ನಂಬುವವನಿಗೆ ಗಣಿತ ಮಾದರಿಯೂ ಇನ್ನೊಂದು ಕಾರ್ಣಿಕವೇ ಆಗುತ್ತದೆ. ಈ ಐದು ತಾಲ್ಲೂಕುಗಳಿಗೆ ಯಾವ ಮಾದರಿ ಮೇಲೆಂಬುದು ಪಾಶ್ಚಾತ್ಯ ದೇಶಗಳ ಕೀರ್ತಿಯಿಂದ ತೀರ್ಮಾನವಾಗತಕ್ಕದ್ದಲ್ಲ. ಸಂಜೆ ಪ್ರತಿಯೊಂದು ಮಾದರಿಯೂ ತಮ್ಮ ಊರಿಗೆ ಹೇಳಿದ ಮಳೆಯನ್ನು ಬರೆದು, ಬೆಳಗ್ಗೆ ೮-೩೦ಕ್ಕೆ ಮಳೆಮಾಪಕವನ್ನು ನೋಡಿ, ೨.೫ ಮಿಲಿಮೀಟರ್ ಮುಟ್ಟಿದ ದಿನವನ್ನು ಮಳೆಯ ದಿನವೆಂದು ಎಣಿಸಿ, ಹೇಳಿ ಬಂದದ್ದು, ಹೇಳಿಯೂ ಬಾರದ್ದು, ಹೇಳದೆ ಬಂದದ್ದು ಎಂದು ಮೂರು ಅಂಕಣಗಳಲ್ಲಿ ಗುರುತಿಸುತ್ತ ಹೋದರೆ ಕೆಲವು ಮಳೆಗಾಲಗಳಲ್ಲಿ ಉತ್ತರ ತಾನಾಗಿ ಹೊರಪಡುವುದು. ಇದು ಯಾವ ಪ್ರೌಢಶಾಲೆಗೂ ಮೀರಿದ ಕೆಲಸವಲ್ಲ.

ಸಾಹಿತ್ಯದ ಅಧ್ಯಾಪಕರಿಗೂ ಇಲ್ಲಿ ಕೆಲಸವುಂಟು. ವರ್ಷವರ್ಷದ ಕಾರ್ಣಿಕದ ವಾಕ್ಯವನ್ನೂ, ಮಳೆಗಾಲಕ್ಕೆ ಮೊದಲೇ ಜನರು ಅದಕ್ಕೆ ಹೇಳಿದ ಅರ್ಥಗಳನ್ನೂ ತಿಥಿವಾರಗಳೊಡನೆ ಬರೆದಿಡಬೇಕು. ಮಳೆಗಾದೆಗಳನ್ನು ಹೇಳಿದವರ ಊರು, ನೆಲ, ಬೆಳೆಗಳೊಡನೆ ಸಂಗ್ರಹಿಸಬೇಕು. ಆ ಕಡತವನ್ನು ಮಳೆಯ ಕಡತದ ಪಕ್ಕದಲ್ಲಿಟ್ಟು ಓದುವ ವಿದ್ವಾಂಸನಿಗೆ ಈ ನಾಡಿನ ಜನರು ಬರವನ್ನು ಹೇಗೆ ನಿರೀಕ್ಷಿಸಿದರು, ಹೇಗೆ ಎದುರಿಸಿದರು ಎಂಬ ಚರಿತ್ರೆಯೇ ಲಭಿಸುವುದು.