ಕನ್ನಡ ಕರಾವಳಿಯ ಏಡಿ ಹಿಡಿಯುವವರು

ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ರಾಮದುರ್ಗದಲ್ಲಿ ಏಡಿಯ ಮಾತೆತ್ತಿದರೆ ಕೇಳುವವರು ಮುಗುಳ್ನಗುವದು ಸಹಜವೇ ಸರಿ. ಹೊಳೆಯ ಕಲ್ಲುಸಂದಿಯಲ್ಲಿ ಹುಡುಗರು ಕೈಯಿಟ್ಟು ಕಚ್ಚಿಸಿಕೊಳ್ಳುವ ಆ ಸಣ್ಣ ಜೀವಿಗಿಂತ ಹೆಚ್ಚಿನ ಪರಿಚಯವು ಬಯಲುಸೀಮೆಯವರಾದ ನಮಗಿಲ್ಲ. ಪಂಚಾಂಗ ನೋಡುವ ಮನೆಗಳಲ್ಲಿ ಅದು ಕರ್ಕರಾಶಿಯೆಂಬ ಹೆಸರಿನಿಂದ ಬಂದು ಹೋಗುವದು, ಅಷ್ಟೆ. ಆದರೆ ಇದೇ ಏಡಿಯನ್ನು ನಂಬಿ ಪ್ರಾಣವನ್ನು ಪಣಕ್ಕೊಡ್ಡಿ ದುಡಿಯುವ ಕನ್ನಡಿಗರು ನಮ್ಮಿಂದ ಬಹು ದೂರದಲ್ಲೇನೂ ಇಲ್ಲ. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಸಹ್ಯಾದ್ರಿಯ ನೆತ್ತಿಯ ಮೇಲಿದೆ. ಆ ಖಾನಾಪುರ ಸೀಮೆಯ ಮಳೆಯ ಒಂದು ಪಾಲು ಪೂರ್ವಕ್ಕೆ ಹರಿದು, ನಮ್ಮೂರನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿದರೆ, ಇನ್ನೊಂದು ಪಾಲು ಮಹಾದಾಯಿಯಾಗಿ ಪಶ್ಚಿಮಕ್ಕಿಳಿದು ಗೋವೆಯ ಕಡಲನ್ನು ಸೇರುವದು.

ಆಡಳಿತದ ದೃಷ್ಟಿಯಿಂದಲೂ ಈ ಎರಡು ಸೀಮೆಗಳು ನೆರೆಹೊರೆಯವೇ. ಮದ್ರಾಸ ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿಗೆ ಸೇರಿತು. ಅಂದಿನಿಂದ 1956ರ ವರೆಗೆ ಕಾರವಾರವೂ ಬೆಳಗಾವಿಯೂ ಒಂದೇ ಸರಕಾರದ ಕೆಳಗಿದ್ದವು. ಸಂಸ್ಥಾನವಾಗಿದ್ದ ರಾಮದುರ್ಗವು ಮಾತ್ರ 1948ರಲ್ಲಿ ಆ ಬಳಗವನ್ನು ಕೂಡಿಕೊಂಡಿತು. ಮುಂಬಯಿ ಸರಕಾರವು 1883ರಲ್ಲಿ ಪ್ರಕಟಿಸಿದ ಕಾನಡಾ ಜಿಲ್ಲೆಯ ಗ್ಯಾಝೆಟಿಯರದಲ್ಲಿ ಅಂಬಿಗ, ಹರಿಕಂತ್ರ, ಖಾರ್ವಿ, ಗಾಬಿತ, ಮೊಗೇರ ಮೊದಲಾದ ಜಲಜೀವಿಗಳಾದ ಜನರ ವರ್ಣನೆಯುಂಟು. ಅಂಬಿಗನೆಂಬ ಹೆಸರು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನು ಆ ಕಾಯಕದವನೇ ಆಗಿದ್ದನು.

ಏಡಿ ಹಿಡಿಯುವದನ್ನೇ ಕುಲವೃತ್ತಿಯಾಗುಳ್ಳ ಪ್ರತ್ಯೇಕ ಜನವು ಈ ಕರಾವಳಿಯಲ್ಲಿಲ್ಲವೆಂಬುದನ್ನು ವಾಚಕರು ಮೊದಲೇ ಲಕ್ಷ್ಯದಲ್ಲಿಡಬೇಕು. ಬಂಗಡೆಗೆ ಬಲೆಯೊಡ್ಡಿದವನೇ ಏಡಿಯನ್ನೂ ತರುವನು. ಬಲೆಯಲ್ಲಿ ಸಿಕ್ಕಿದ್ದು ಅವನ ಭಾಗ್ಯ. ತುಳುವರು ಡೆಂಜಿಯೆಂದೂ, ಕೊಂಕಣಿಗರು ಕುರ್ಲಿಯೆಂದೂ ಕರೆಯುವ ಈ ಪ್ರಾಣಿಯಲ್ಲಿ ಸಮುದ್ರದ್ದು ಬೇರೆ, ಅಳಿವೆಯ ಕೆಸರಿನದು ಬೇರೆ. ಕಡಲಿನದು ತಳಕ್ಕಿಳಿಬಿಟ್ಟ ಬಲೆಯಲ್ಲಿ ತೊಡಕಿಕೊಂಡು ಬರುವದು. ಕೆಸರಿನದು ಕಾಳಿ, ಅಘನಾಶಿನಿ, ಶರಾವತಿ ಮೊದಲಾದ ಹೊಳೆಗಳ ಕಾಂಡ್ಲಾ ವನಗಳಲ್ಲಿ, ಬೇರುಗಳ ನಡುವೆ ಬಿಲ ತೋಡಿ ಬದುಕುವದು. ಮೈಯೂ ಬೆಲೆಯೂ ಇದರದೇ ದೊಡ್ಡದು. ಇದನ್ನು ಹಿಡಿಯಲು ವರ್ತುಲಾಕಾರದ ಚಿಕ್ಕ ಬಲೆಗೆ ಮೀನಿನ ತುಂಡನ್ನು ಕಟ್ಟಿ ನೀರಿಗಿಳಿಸುವರು. ಇಲ್ಲವೆ ಇಳಿತದ ವೇಳೆಯಲ್ಲಿ ಸೊಂಟದ ಮಟ ಕೆಸರಿನಲ್ಲಿ ನಡೆದು, ಕೊಕ್ಕೆಯ ಸರಳನ್ನು ಬಿಲದೊಳಗೆ ತೂರಿಸಿ ಎಳೆಯುವರು. ಹಿಡಿದ ಕೂಡಲೆ ಕೊಂಬುಗಳನ್ನು ಮಡಿಸಿ ಹುರಿಯಿಂದ ಬಿಗಿಯದಿದ್ದರೆ ಬೆರಳಿನ ಆಸೆ ಬಿಟ್ಟಂತೆಯೇ. ಸತ್ತ ಏಡಿಗೆ ಬೆಲೆಯಿಲ್ಲವಾದ್ದರಿಂದ ಅದನ್ನು ಕೊಂದು ಸುಲಭ ಮಾಡಿಕೊಳ್ಳುವ ಹಾದಿಯೂ ಇಲ್ಲ.

ಅಮಾವಾಸ್ಯೆಯ ಏಡಿಯಲ್ಲಿ ಮಾಂಸ ತುಂಬಿರುವದೆಂದೂ ಹುಣ್ಣಿವೆಯದು ಪೊಳ್ಳೆಂದೂ ಕರಾವಳಿಯಲ್ಲೆಲ್ಲ ನಂಬುಗೆಯುಂಟು. ಕವಚವನ್ನು ಕಳಚಿ ಹೊಸದನ್ನು ತಳೆಯುವ ಕಾಲಕ್ಕೆ ಏಡಿಯು ನೀರಿನಿಂದ ಉಬ್ಬಿ ಒಳಗೆ ಬರಿದಾಗಿರುವದು ನಿಜ. ಚಂದ್ರನಿಗೂ ಅದಕ್ಕೂ ಎಷ್ಟು ನಂಟೆಂಬುದನ್ನು ಬಲ್ಲವರಿಗೆ ಬಿಡುವೆನು. ಆದರೆ ನಂಬುಗೆಯ ಪರಿಣಾಮವು ನೇರವಾಗಿದೆ. ಭರತ ಇಳಿತಗಳು ಅತಿ ಜೋರಾಗಿರುವದು ಅಮಾವಾಸ್ಯೆ ಹುಣ್ಣಿವೆಗಳ ಸುತ್ತಲೇ. ಹೀಗಾಗಿ ಮಾಲು ಒಳ್ಳೆಯದೆನ್ನುವ ರಾತ್ರಿಯೇ ಕತ್ತಲೆಯು ದಟ್ಟವಾದದ್ದು, ಸೆಳವು ಬಲವಾದದ್ದು. ಕೆಸರಿನಲ್ಲಿ ಕಾಲು ಸಿಕ್ಕ ಮನುಷ್ಯನಿಗೆ ಏರಿ ಬರುವ ಭರತವು ಕಾಯುವದಿಲ್ಲ.

ಅಳಿವೆಯ ಬಾಯಿಯ ಮಾತು ಇನ್ನೂ ಕಠಿಣವಾದದ್ದು. ಹೊಳೆಯು ಹೊತ್ತು ತಂದ ಉಸುಕು ಅಲ್ಲಿ ದಿಬ್ಬಗಟ್ಟುವದು, ಮಳೆಗಾಲಕ್ಕೊಮ್ಮೆ ತನ್ನ ಸ್ಥಳವನ್ನೂ ಬದಲಿಸುವದು. ಹೊರಗೆ ಹರಿಯುವ ಹೊಳೆಯ ನೀರಿಗೂ ಒಳಗೆ ನುಗ್ಗುವ ತೆರೆಗೂ ಜಗಳ ಹತ್ತಿದಾಗ ತೆರೆಯು ನಿಟ್ಟನೆ ಎದ್ದು ಒಡೆಯುವದು. ಕಡಲಿನಲ್ಲಿ ರಾತ್ರಿಯೆಲ್ಲ ಕ್ಷೇಮವಾಗಿದ್ದ ದೋಣಿಯು ಊರ ದೀಪ ಕಾಣುವಷ್ಟು ಸಮೀಪದಲ್ಲಿ ಮಗುಚುವದು ಇದರಿಂದಲೇ. ಒಂದೇ ಮರವನ್ನು ಕೊರೆದು ಮಾಡಿದ ಪಾತಿ ದೋಣಿಯ ಕಾಲದಲ್ಲಿಯೂ ಹೀಗೆಯೇ ಇತ್ತು. ಯಂತ್ರ ಹಚ್ಚಿದ ದೋಣಿಗೂ ಇದು ತಪ್ಪಿಲ್ಲ.

ಯಂತ್ರ ಬಂದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. 1952ರ ಒಪ್ಪಂದದಿಂದ ಕೇರಳದಲ್ಲಿ ಮೊದಲಾದ ನಾರ್ವೆ ದೇಶದ ಸಹಕಾರದ ಯೋಜನೆಯು ಮುಂದೆ ಕಾರವಾರಕ್ಕೂ ಬಂತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಬೀಸು ಬಲೆಗಳು ಬಂದವು. ಹತ್ತಾರು ಜನರು ದಂಡೆಯಿಂದ ಎಳೆಯುತ್ತಿದ್ದ ರಂಪಣಿಯು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿತ್ತು. ದಂಡೆಯಲ್ಲಿ ನಿಂತು ಹಗ್ಗ ಹಿಡಿಯುತ್ತಿದ್ದವರ ಮಕ್ಕಳು ವಾರಗಟ್ಟಲೆ ನಡುಗಡಲಿನಲ್ಲಿರಬೇಕಾಯಿತು. ಜೀವಂತ ಏಡಿಯನ್ನು ಪರದೇಶಕ್ಕೆ ಕಳುಹುವ ವ್ಯಾಪಾರವು ಬೆಳೆದ ಮೇಲೆ, ಅಡಿಗೆಗೆಂದು ಮನೆಗೊಯ್ಯುತ್ತಿದ್ದ ಜೀವಿಯು ದಲಾಲರ ತಕ್ಕಡಿಯನ್ನೇರಿತು. ಈಗ ಜೂನ 1ರಿಂದ ಜುಲೈ 31ರ ವರೆಗೆ, 61 ದಿವಸ, ಯಂತ್ರದ ಹಡಗುಗಳಿಗೆ ಕಡಲು ನಿಷಿದ್ಧ. ಆದರೆ ಸಣ್ಣ ನಾಡದೋಣಿಗಳಿಗೆ ಆ ನಿರ್ಬಂಧವಿಲ್ಲ. ದೊಡ್ಡ ಹಡಗು ದಕ್ಕೆಯಲ್ಲಿ ಕಟ್ಟಿ ನಿಂತಿರುವಾಗ, ಸೂರ್ಯನು ಕರ್ಕರಾಶಿಯಲ್ಲಿರುವ ಆ ಬಿರುಮಳೆಯಲ್ಲಿ ಹೊರಡುವವನು ಎಲ್ಲರಿಗಿಂತ ಸಣ್ಣ ದೋಣಿಯ ಬಡವನು. ಬಡವನ ಅನ್ನಕ್ಕೆ ಅಡ್ಡಿಯಾಗಬಾರದೆಂಬುದು ಈ ವಿನಾಯತಿಯ ಹೇತುವಿರಬಹುದು; ಆದರೂ ಅದರ ಫಲವನ್ನು ನೆನೆದರೆ ಮನಸ್ಸು ಕಸಿವಿಸಿಗೊಳ್ಳುವದು.

ಏಡಿಗಾಗಿಯೇ ಹಡಗು ಕಟ್ಟಿದ ಜನರನ್ನು ನೋಡಬೇಕಾದರೆ ಅಮೇರಿಕೆಯ ಅಲಾಸ್ಕಾಕ್ಕೆ ಹೋಗಬೇಕು. ಅಲ್ಲಿಯ ಬೇರಿಂಗ ಸಮುದ್ರದಲ್ಲಿ ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿದ ಕಬ್ಬಿಣದ ಪಂಜರಗಳನ್ನು ಚಳಿಗಾಲದಲ್ಲಿ ತಳಕ್ಕಿಳಿಸಿ ರಾಜ ಏಡಿಯನ್ನು ಹಿಡಿಯುವರು. ಅಟ್ಟದ ಮೇಲೆ ಪೇರಿಸಿದ ಪಂಜರಗಳ ಮೇಲೆ ಸಿಡಿದ ನೀರು ಹೆಪ್ಪುಗಟ್ಟಿ ಹಡಗು ತಲೆಭಾರವಾಗುವದು. 1980ರಲ್ಲಿ ಹೇರಳವಾಗಿದ್ದ ಈ ಬೆಳೆಯು 1983ಕ್ಕೆ ಬತ್ತಿಯೇ ಹೋಯಿತು. ಅದೇ ವರ್ಷದ ಫೆಬ್ರುವರಿ 14ರಂದು ಅಮೇರಿಕಸ್, ಆಲ್ಟೇರ್ ಎಂಬ ಎರಡು ಹಡಗುಗಳು 14 ಜನರೊಡನೆ ಮುಳುಗಿದವು. ಅಲ್ಲಿ ದೀರ್ಘ ವಿಚಾರಣೆಯಾಯಿತು. ಆಮೇಲೆ ಹಡಗಿಗೆ ಸೇರಿಸಿದ ಸಾಮಗ್ರಿಯ ಭಾರವು ಲೆಕ್ಕಕ್ಕೆ ಸರಿಯಾಗಿ ಬಂದಿರಲಿಲ್ಲವೆಂದು ಕಂಡುಬಂತು. 1988ರಲ್ಲಿ ಮೀನುಗಾರಿಕೆಯ ಹಡಗುಗಳ ರಕ್ಷಣೆಗೆ ಅಲ್ಲಿ ಕಾಯಿದೆಯಾಯಿತು.

ನಮ್ಮ ಕರಾವಳಿಯ ದುಃಖವೂ ಚಿಕ್ಕದಲ್ಲ. 2018ನೆಯ ಡಿಸೆಂಬರ 13ರಂದು ಮಲ್ಪೆಯ ಬಂದರದಿಂದ ‘ಸುವರ್ಣ ತ್ರಿಭುಜ’ವೆಂಬ ಹಡಗು ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಏಳು ಜನರೊಡನೆ ಹೊರಟಿತು. ಎರಡು ಮೂರು ದಿವಸಗಳಲ್ಲಿ ಅದರ ಸುದ್ದಿಯು ನಿಂತು ಹೋಯಿತು. 2019ನೆಯ ಮೇ ತಿಂಗಳ ಆರಂಭದಲ್ಲಿ ನೌಕಾದಳದವರು ಮಾಲವಣದ ಹೊರಗಿನ ಕಡಲತಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿದರು. ಹಡಗು ದೊರೆಯಿತು, ಜನರು ದೊರೆಯಲಿಲ್ಲ.

ಹೊಲದಲ್ಲಿ ಸತ್ತವನ ಶವವಾದರೂ ಮನೆಗೆ ಬರುವದು. ಕಡಲಲ್ಲಿ ಹೋದವನ ಹೆಂಡತಿಯು ಕುಂಕುಮವನ್ನಿಡಬೇಕೋ ಅಳಿಸಬೇಕೋ ಎಂಬುದನ್ನು ಹೇಳುವವರಿಲ್ಲ. ಏಳು ವರ್ಷಗಳ ವರೆಗೆ ಸುಳಿವಿಲ್ಲದವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಿದ್ಧಪಡಿಸಬೇಕೆಂಬುದು 1872ರ ಸಾಕ್ಷ್ಯ ಕಾಯಿದೆಯ ನಿಯಮ. 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಬೇರೆ ಪುರಾವೆಯಿಲ್ಲದಿದ್ದರೆ ಮರಣದ ದಾಖಲೆ, ವಿಮೆಯ ಹಣ, ಆಸ್ತಿಯ ಹಕ್ಕು ಎಲ್ಲಕ್ಕೂ ಆ ಏಳು ವರ್ಷಗಳೇ ಅಡ್ಡಬರುವವು. ಮಾಲವಣದ ಕಡಲಿಗೆ ಹೋದ ಏಳು ಜನರ ಪಾಲಿಗೆ ಆ ಅವಧಿಯು ತುಂಬುವದು 2025ರ ಡಿಸೆಂಬರಕ್ಕೆ.