ಡೊಂಬಿವಲಿಯ ಗಿಟಾರು, ಮಿರಜಿನ ಜವಾರಿ

ಥಾಣೆಯಿಂದ ಕಲ್ಯಾಣದವರೆಗಿನ ಹಳೆಯ ಕಟ್ಟಡಗಳಲ್ಲಿ ಅಟ್ಟ ಹುಡುಕಿದರೆ ಅಲ್ಲೊಂದು ಇಲ್ಲೊಂದು ಗಿಟಾರು ಸಿಕ್ಕೇ ಸಿಗುತ್ತದೆ. ತಂತಿಗೆ ತುಕ್ಕು ಹಿಡಿದಿರುತ್ತದೆ, ಒಂದು ಬಿರಡೆ ಮುರಿದಿರುತ್ತದೆ, ಮೇಲೆ ಹಳೆಯ ಬೆಡ್‌ಶೀಟಿನ ಹೊದಿಕೆ. ಕೇಳಿದರೆ ಮನೆಯವರು ಹೇಳುವುದು ಒಂದೇ: 'ಹುಡುಗನ ಕೈಗೆ ಅದು ಹತ್ತಲಿಲ್ಲ.' ಹತ್ತದೇ ಹೋದದ್ದು ಹುಡುಗನ ಕೈಯ ದೋಷವೋ ಗಿಟಾರಿನದೋ ಎಂದು ಮಾತ್ರ ಹೆಚ್ಚಿನ ಮನೆಗಳಲ್ಲಿ ಯಾರೂ ಕೇಳಲಿಲ್ಲ.

ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಮುಂಬಯಿಯ ಧೋಬಿ ತಲಾವ್‌ನ ಫರ್ಟಾಡೋಸ್ ವಾದ್ಯದಂಗಡಿ ತನ್ನ ಹುಟ್ಟನ್ನು 1865ಕ್ಕೆ ಒಯ್ಯುತ್ತದೆ. ಅಂದರೆ ರೈಲು ಮತ್ತು ವಾದ್ಯದಂಗಡಿ ಹೆಚ್ಚುಕಡಿಮೆ ಓರಗೆಯವು. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ವರ್ಷ ಈ ಸಾಲಿನ ಊರುಗಳಿಗೆ ಪಾಶ್ಚಾತ್ಯ ವಾದ್ಯವೆಂದರೆ ಧೋಬಿ ತಲಾವ್‌ವರೆಗಿನ ಪ್ರಯಾಣ. ಡೊಂಬಿವಲಿಯಿಂದ ಐವತ್ತು ಕಿಲೋಮೀಟರಿಗೆ ತುಸು ಕಡಿಮೆ. ಹೋಗುವುದು ಸುಲಭ. ಸಂಜೆಯ ಫಾಸ್ಟ್ ಲೋಕಲಿನಲ್ಲಿ ಗಿಟಾರು ಹಿಡಿದು ಹಿಂದಿರುಗುವುದೇ ಸಾಹಸ.

ಆ ಅಂಗಡಿಗಳ ಸುತ್ತಮುತ್ತ ಬದುಕಿದವರು ಗೋವೆಯ ವಾದಕರು. ಊರಿನ ಇಗರ್ಜಿ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತು ಬಂದವರು ಮೊದಲು ಹೋಟೆಲುಗಳ ಜಾಝ್ ಬ್ಯಾಂಡುಗಳನ್ನು, ಆಮೇಲೆ ಹಿಂದಿ ಸಿನಿಮಾದ ವಾದ್ಯವೃಂದಗಳನ್ನು ತುಂಬಿದರು. ಹೀಗಾಗಿ ಡೊಂಬಿವಲಿಯ ಚಾಳುಗಳಿಗೆ ಗಿಟಾರಿಗಿಂತ ಮೊದಲು ಅದರ ದನಿ ಬಂತು, ರೇಡಿಯೋ ಮೂಲಕ. 1973ರ 'ಯಾದೋಂ ಕಿ ಬಾರಾತ್'ನಲ್ಲಿ 'ಚುರಾ ಲಿಯಾ' ಹಾಡಿನ ಗಿಟಾರು ನುಡಿಸಿದವರು ಗಾಯಕ ಭೂಪಿಂದರ್ ಸಿಂಗ್. ಆ ನಾದ ಕಿವಿಗೆ ಬಿದ್ದ ಮೇಲೆ ಹದಿನಾರರ ಹುಡುಗನಿಗೆ ಹಾರ್ಮೋನಿಯಂ ಸಪ್ಪೆಯೆನಿಸಿದರೆ ಅವನ ತಪ್ಪೇನಲ್ಲ.

ಮನೆಯಲ್ಲಿ ಇದ್ದದ್ದೋ ಹಾರ್ಮೋನಿಯಂ ಮತ್ತು ತಾಳ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತುಳುನಾಡಿನ ತಲೆಮಾರು ಇಲ್ಲಿ ಕಟ್ಟಿಕೊಂಡ ಸಂಗೀತ ಭಜನೆಯದು, ಯಕ್ಷಗಾನದ್ದು. ಮಗ ಗಿಟಾರು ಕೇಳಿದಾಗ ಅಪ್ಪ ಹಾಕಿದ ಲೆಕ್ಕ ನ್ಯಾಯವಾದದ್ದೇ: ಮೊದಲು ಅಗ್ಗದ್ದೊಂದು ಇರಲಿ, ಕಲಿತರೆ ಒಳ್ಳೆಯದು ಕೊಡಿಸೋಣ. ಈ ಲೆಕ್ಕದಲ್ಲೊಂದು ಗುಂಡಿ ಇತ್ತು. ಆ ಕಾಲದ ಅಗ್ಗದ ಗಿಟಾರಿನಲ್ಲಿ ಕಲಿಯುವುದೇ ಕಷ್ಟ.

ಗ್ರಾಹಕ ವಸ್ತುಗಳ ಆಮದಿಗೆ ಕಡಿವಾಣವಿದ್ದ ದಿನಗಳವು. ಹೊರದೇಶದ ಗಿಟಾರು ಬರುತ್ತಿದ್ದುದು ಹಡಗಿನಲ್ಲಿ ದುಡಿಯುವ ಅಥವಾ ಗಲ್ಫಿನಲ್ಲಿರುವ ನೆಂಟರ ಕೈಯಲ್ಲಿ. ಉಳಿದವರಿಗೆ ಕೋಲ್ಕತ್ತದ ಮಾಲು: ಗಿವ್ಸನ್, ಹಾಬ್ನರ್ ಮುಂತಾದವು. ಹೆಸರುಗಳನ್ನು ಗಮನಿಸಿ. ಅಮೆರಿಕದ ಗಿಬ್ಸನ್‌ನಲ್ಲಿ 'ಬ' ಜಾರಿ 'ವ' ಆಗಿದೆ. ಜರ್ಮನಿಯ ಹೋನರ್‌ನ ನಡುವೆ ಒಂದು 'ಬ' ಹೊಕ್ಕಿದೆ. ವಂಗಕ್ಕೆ ಬಂಗ ಎನ್ನುವ ನಾಡಿನಲ್ಲಿ ಒಂದು 'ಬ' ತಿರುಗಿ 'ವ' ಆದದ್ದು ಭಾಷಾಶಾಸ್ತ್ರದವರಿಗೆ ನಗು ತರಿಸುವ ಸಂಗತಿ.

ಕೋಲ್ಕತ್ತಕ್ಕೆ ಗಿಟಾರಿನ ಹುಚ್ಚು ಹಿಡಿದದ್ದು ಹವಾಯಿ ದ್ವೀಪದ ದಾರಿಯಿಂದ. ಟಾವು ಮೋ ಎಂಬ ಹವಾಯಿಯನ್ ವಾದಕ 1940ರ ದಶಕದಲ್ಲಿ ಕುಟುಂಬ ಸಮೇತ ಅಲ್ಲಿ ನೆಲೆಸಿದ್ದರು. ಅದೇ ನಗರದ ಗಾರ್ನಿ ನಿಸ್ ಆ ಶೈಲಿಯನ್ನು ಮನೆಮಾತಾಗಿಸಿದರು. ಮುಂದೆ ರವೀಂದ್ರ ಸಂಗೀತವೂ ಸಿನಿಮಾ ಹಾಡೂ ಆ ಗಿಟಾರಿಗೆ ಇಳಿದವು. ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುತ್ತಾರೆ. ಅದರಲ್ಲಿ ತಂತಿ ದಂಡಿಯಿಂದ ಎತ್ತರದಲ್ಲಿರಲೇಬೇಕು, ಇಲ್ಲದಿದ್ದರೆ ಸರಳು ಮೆಟ್ಟುಗಳಿಗೆ ತಾಗಿ ಕಟಕಟ ಎನ್ನುತ್ತದೆ. ಬೆರಳಿನಿಂದ ಒತ್ತಿ ನುಡಿಸುವುದನ್ನು ನಮ್ಮಲ್ಲಿ 'ಸ್ಪ್ಯಾನಿಷ್' ಎಂದು ಬೇರೆ ಕರೆಯುತ್ತಿದ್ದರು. ಒಂದಕ್ಕೆ ಬೇಕೇಬೇಕಾದ ಎತ್ತರ ಇನ್ನೊಂದರಲ್ಲಿ ಬೆರಳಿನ ಶತ್ರು.

ಎಷ್ಟು ಎತ್ತರ? ಹನ್ನೆರಡನೇ ಮೆಟ್ಟಿನ ಮೇಲೆ ದಪ್ಪ ತಂತಿ ಎರಡರಿಂದ ಎರಡೂವರೆ ಮಿಲಿಮೀಟರ್ ಅಂತರದಲ್ಲಿದ್ದರೆ ಕೈಗೆ ಹಿತ. ನಾಲ್ಕು ಮಿಲಿಮೀಟರ್ ಆದರೆ ಒತ್ತುವಾಗ ಬೆರಳು ಸೀಳಿದಂತಾಗುತ್ತದೆ. ಅಷ್ಟೇ ಅಲ್ಲ, ಅಷ್ಟು ದೂರ ಎಳೆಯಲ್ಪಟ್ಟ ತಂತಿ ಬಿಗಿಯಾಗಿ ಶ್ರುತಿಯೂ ಏರುತ್ತದೆ. ತೆರೆದ ತಂತಿ ಶ್ರುತಿಯಲ್ಲಿದ್ದರೂ ಕಾರ್ಡ್ ಹಿಡಿದೊಡನೆ ಅಪಸ್ವರ. ಕಲಿಯುವವನಿಗೆ ಇದು ತನ್ನ ಕಿವಿಯ, ತನ್ನ ಕೈಯ ದೋಷವೆಂದೇ ಕಾಣುತ್ತದೆ.

ಎತ್ತರ ಅಂಗಡಿಯಲ್ಲಿ ಸರಿಯಿದ್ದರೂ ಹಾಗೇ ಉಳಿಯುತ್ತದೆ ಎನ್ನುವಂತಿಲ್ಲ. ಆರು ಉಕ್ಕಿನ ತಂತಿಗಳು ಸೇರಿ ದಂಡಿಯನ್ನು ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮ. ಈ ಎಳೆತ ತಡೆಯಲು ದಂಡಿಯೊಳಗೆ ತಿರುಚಿ ಸರಿಪಡಿಸಬಹುದಾದ ಉಕ್ಕಿನ ಸರಳನ್ನು ಗಿಬ್ಸನ್ ಕಂಪನಿ 1920ರ ದಶಕದಲ್ಲೇ ತಂದಿತ್ತು. ಅಗ್ಗದ ಗಿಟಾರುಗಳಲ್ಲಿ ಅದು ಬಹುಕಾಲ ಇರಲೇ ಇಲ್ಲ. ಮೇಲೆ ಕೊಂಕಣದ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಕುಡಿದು ಉಬ್ಬುತ್ತದೆ, ಮೇಲ್ಹಲಗೆ ಹೊಟ್ಟೆ ಬಿಡುತ್ತದೆ, ಅದರ ಮೇಲಿನ ಕುದುರೆಯೂ ತಂತಿಯೂ ಏರುತ್ತವೆ. ಬೇಸಗೆ ರಜೆಯಲ್ಲಿ ಕೊಂಡ ಗಿಟಾರು ಗಣೇಶ ಚೌತಿಯ ಹೊತ್ತಿಗೆ ಅಟ್ಟ ಸೇರಲು ಇಷ್ಟು ಸಾಕು.

ಇದಕ್ಕೆ ಮದ್ದು ಇದೇ ರಾಜ್ಯದಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡ ಮಿರಜಿನಲ್ಲಿತ್ತು ಎನ್ನುವುದೇ ಈ ಕಥೆಯ ವಿಚಿತ್ರ. ತಂಬೂರಿ, ಸಿತಾರ್ ಮಾಡುವ ಅಲ್ಲಿನ ಕುಶಲಕರ್ಮಿಗಳು ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ ನಾದ ತೆರೆಯುವ ಕೆಲಸಕ್ಕೆ 'ಜವಾರಿ' ಎನ್ನುತ್ತಾರೆ. (ಧಾರವಾಡದ ಕಡೆಯವರ ಜವಾರಿ ಕೋಳಿ, ಜವಾರಿ ಮಾತು ಬೇರೆ.) ಜವಾರಿ ಆಗದ ತಂಬೂರಿಯನ್ನು ಯಾವ ಗಾಯಕರೂ ಮುಟ್ಟುವುದಿಲ್ಲ, ವಾದ್ಯ ಕೊಂಡರೆ ಸಾಲದು, ಅದನ್ನು ಹದಗೊಳಿಸಬೇಕು ಎಂಬುದು ಹಿಂದೂಸ್ತಾನಿ ಸಂಗೀತದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಗಿಟಾರಿನ ವಿಷಯದಲ್ಲಿ ಮಾತ್ರ ಅದು ಪ್ರೆಶರ್ ಕುಕ್ಕರಿನಂತೆ ಡಬ್ಬಿಯಿಂದ ತೆಗೆದು ಬಳಸುವ ವಸ್ತು ಎಂದುಕೊಂಡರು. ಮಿರಜಿನ ತಿಳಿವಳಿಕೆ ಡೊಂಬಿವಲಿಯ ಗಿಟಾರಿಗೆ ದಾಟಲಿಲ್ಲ.

ಬೀದಿಯ ಸಂಗೀತ ತನ್ನದೇ ಉಪಾಯ ಕಂಡುಕೊಂಡಿತ್ತು. ಈ ಊರುಗಳ ಗಣಪತಿ ಮೆರವಣಿಗೆಗಳಲ್ಲಿ ಮೊಳಗುವ 'ಬೆಂಜೋ' ಅಮೆರಿಕದ ಬ್ಯಾಂಜೋ ಅಲ್ಲ. ಅದು ಜಪಾನಿನ ನಾಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೋತೋ. ಭಾರತಕ್ಕೆ ಬಂದು ಬುಲ್‌ಬುಲ್ ತರಂಗವಾಯಿತು. ಟೈಪ್‌ರೈಟರಿನಂಥ ಕೀಲಿ ಒತ್ತಿದರೆ ಕೀಲಿಯೇ ತಂತಿಯನ್ನು ಒತ್ತುತ್ತದೆ. ಬೆರಳಿಗೆ ನೋವಿಲ್ಲ, ಬೆಲೆಯೂ ಕಡಿಮೆ, ಪಿಕಪ್ ಕೂಡಿಸಿ ಆಂಪ್ಲಿಫೈಯರಿಗೆ ಜೋಡಿಸಿದರೆ ಇಡೀ ರಸ್ತೆಗೆ ಕೇಳುತ್ತದೆ. ಗಿಟಾರು ಕೈಕೊಟ್ಟ ಹುಡುಗರಿಗೆ ಬೆಂಜೋ ಪಾರ್ಟಿ ಕೀಳು ಎನಿಸಿದ್ದಿರಬಹುದು. ಆದರೆ ಅಗ್ಗದ ವಾದ್ಯದಿಂದ ಒಳ್ಳೆಯ ಸದ್ದು ತೆಗೆಯುವ ಲೆಕ್ಕದಲ್ಲಿ ಗೆದ್ದದ್ದು ಅವರೇ.

ಇತ್ತ ಕರ್ನಾಟಕದ ಮರ ಬೇರೆ ದಾರಿ ಹಿಡಿದಿತ್ತು. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಡಿ-28 ಗಿಟಾರಿಗೆ ಭಾರತದ ಬೀಟೆಯನ್ನು ಹಿಡಿಯಿತು. ಕೊಡಗು, ಮಲೆನಾಡು, ವಯನಾಡಿನ ಕಾಡುಗಳಲ್ಲಿ ಬೆಳೆಯುವ ಮರವದು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಗಾಕ್ಕೆ ಬಂದು ಗಿಟಾರು ತಯಾರಕರು ಕಾಗದಪತ್ರಗಳಲ್ಲಿ ಮುಳುಗಿದರು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಜಗತ್ತಿನ ದುಬಾರಿ ಗಿಟಾರುಗಳ ಬೆನ್ನು ನಮ್ಮ ಬೀಟೆಯದಾಗಿದ್ದರೆ, ಡೊಂಬಿವಲಿಯ ಗಿಟಾರಿನದು ಪ್ಲೈವುಡ್.

2001ರ ಏಪ್ರಿಲ್ 1ರಂದು ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳು ಹೋದವು. ಚೀನಾ, ಇಂಡೊನೇಷ್ಯಾದ ಗಿಟಾರುಗಳು ಅಂಗಡಿ ತುಂಬಿದವು. ಯಮಾಹಾ ಎಫ್310 ಹೊಸಬರ ಗಿಟಾರೆಂದು ಹೆಸರಾಯಿತು. ಅದೂ ಪ್ಲೈವುಡ್ಡಿನದೇ. ಆದರೆ ಮೆಟ್ಟುಗಳು ಸಮ, ದಂಡಿಯೊಳಗೆ ಸರಳಿದೆ, ತಂತಿ ಹದ್ದುಬಸ್ತಿನಲ್ಲಿದೆ. ಬದಲಾದದ್ದು ಮರವಲ್ಲ, ಅಳತೆ. ಈಗ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ 2019ರಲ್ಲಿ ಯು2, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬಂದು ಹೋಗಿವೆ. ಗಿಟಾರಿಗಾಗಿ ಧೋಬಿ ತಲಾವ್‌ವರೆಗೆ ಹೋಗಬೇಕಾದ ಕಾಲ ಮುಗಿದಿದೆ.

ಅಟ್ಟದ ಮೇಲಿನ ಹಳೆಯ ಗಿಟಾರುಗಳೂ ಎಲ್ಲವೂ ಸತ್ತಿಲ್ಲ. ದಂಡಿ ತೀರ ಬಾಗಿರದಿದ್ದರೆ ತೆಳುವಾದ ಹೊಸ ತಂತಿಗಳ ಒಂದು ಕಟ್ಟು ಮತ್ತು ಉಜ್ಜುಕಾಗದದ ಒಂದು ಹಾಳೆ ಸಾಕಾಗಬಹುದು. ತಂತಿ ಸಡಿಲಿಸಿದರೆ ಕುದುರೆಯ ಗಾಡಿಯಲ್ಲಿ ಕೂತ ಬಿಳಿಯ ಪಟ್ಟಿ ಹೆಚ್ಚಿನವುಗಳಲ್ಲಿ ಈಚೆ ಬರುತ್ತದೆ. ಹನ್ನೆರಡನೇ ಮೆಟ್ಟಿನಲ್ಲಿ ತಂತಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಪಟ್ಟಿಯಿಂದ ಎರಡು ಮಿಲಿಮೀಟರ್ ತೆಗೆಯಬೇಕು. ಉಜ್ಜುವುದು ತಂತಿ ಕೂರುವ ಮೇಲಂಚನ್ನಲ್ಲ, ಬುಡವನ್ನು. ಅದೂ ಸ್ವಲ್ಪ ಸ್ವಲ್ಪವೇ. ಹೆಚ್ಚು ಸವೆದರೆ ಪಟ್ಟಿಯನ್ನೇ ಹೊಸದಾಗಿ ತರಬೇಕಾಗುತ್ತದೆ.